ನೀರಿನ ಜಾಡಿನಲ್ಲಿ ಲಿಯೊನಾರ್ಡೊ

ಮೊದಲ ದಿನ: ಆರ್ನೊ ದಂಡೆ

ನವೆಂಬರ್ ಮೊದಲ ವಾರದಲ್ಲಿ ಇಟಲಿಯ ಫ್ಲಾರೆನ್ಸ್‌ಗೆ ಸಂಜೆ ಬೇಗ ಇಳಿಯುತ್ತದೆ. ಹೋಟೆಲಿನಲ್ಲಿ ಚೀಲ ಇಟ್ಟು, ಮುಖ ತೊಳೆದು, ನೇರವಾಗಿ ಆರ್ನೊ ನದಿಯ ದಂಡೆಗೆ ನಡೆದೆವು. ಮಿಲಾನ್‌ನಲ್ಲಿ ಕೆಲಸದಲ್ಲಿರುವ ಮಗಳು ರಜೆ ಹಾಕಿ ನಮ್ಮನ್ನು ಕೂಡಿಕೊಂಡಿದ್ದಳು. “ಇಲ್ಲಿಗೆ ಬಂದವರೆಲ್ಲ ಮೊದಲು ಗುಮ್ಮಟ ನೋಡುತ್ತಾರಮ್ಮ, ಅಪ್ಪನಿಗೆ ಮಾತ್ರ ಮೊದಲು ಹೊಳೆ ಬೇಕು” ಎಂದು ಅವಳು ತಾಯಿಯ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು.

ನಾನು ಕೆಲಸ ಮಾಡಿದ್ದೆಲ್ಲ ತುಂಗಭದ್ರಾ ಎಡದಂಡೆ ಕಾಲುವೆಯ ಮೇಲೆ. ತೂಬು, ಗೇಟು, ಹೂಳು, ಒಡೆದ ಏರಿ ಇವುಗಳ ನಡುವೆಯೇ ತಲೆ ನರೆಯಿತು. ಲಿಯೊನಾರ್ಡೊ ಡ ವಿಂಚಿಯನ್ನು ಜಗತ್ತು ಮೋನಾ ಲಿಸಾ ಬರೆದವನೆಂದು ನೆನೆಯುತ್ತದೆ; ನನ್ನನ್ನು ಅವನತ್ತ ಸೆಳೆದದ್ದು ಅವನ ನೀರಿನ ಚಿತ್ರಗಳು. ಹರಿವಿಗೆ ಅಡ್ಡ ನಿಲ್ಲಿಸಿದ ಹಲಗೆಗೆ ಬಡಿದ ನೀರು ಇಬ್ಭಾಗವಾಗಿ, ಹಿಂದಕ್ಕೆ ಸುತ್ತಿ, ಸುಳಿಯೊಳಗೆ ಸುಳಿ ಹೆಣೆದುಕೊಳ್ಳುವುದನ್ನು ಐನೂರು ವರ್ಷಗಳ ಹಿಂದೆ ಬರಿಗಣ್ಣಿನಲ್ಲಿ ಕಂಡು ಗೆರೆಗಳಲ್ಲಿ ಹಿಡಿದಿಟ್ಟವನು ಅವನು. ಚಿತ್ರ, ಯಂತ್ರ, ಅಂಗರಚನೆ ಎಂದು ಅವನ ಕೆಲಸವನ್ನು ಪಾಲು ಹಾಕಿ ನೋಡುವುದು ನನಗೆ ಒಗ್ಗುವುದಿಲ್ಲ. ಎಲ್ಲದರ ಅಡಿಯಲ್ಲೂ ಹರಿಯುವುದು ನೀರು ಎಂಬ ನಂಬಿಕೆ ನನ್ನದು. ಆ ಜಾಡು ಹಿಡಿದೇ ಈ ಪ್ರವಾಸ ಹೊರಟೆವು.

ಊರ ನಡುವೆ ನದಿಗೆ ಅಡ್ಡಲಾಗಿ ಕಲ್ಲಿನ ಒಡ್ಡುಗಳಿವೆ, ಹಿಂದಿನ ಕಾಲದಲ್ಲಿ ಗಿರಣಿಗಳಿಗಾಗಿ ಕಟ್ಟಿದವು. ಸಾನ್ ನಿಕೊಲೊ ಬಳಿಯ ಒಡ್ಡಿನ ಮೇಲೆ ಕೆಸರು ಬಣ್ಣದ ನೀರು ತೆಳ್ಳಗೆ ಜಾರಿ, ಬುಡದಲ್ಲಿ ನೊರೆ ಎಬ್ಬಿಸುತ್ತಿತ್ತು. ನಾಯಿ ಹಿಡಿದುಕೊಂಡು ಬಂದ ಹಿರಿಯರೊಬ್ಬರು ನಾನು ಅಷ್ಟು ಹೊತ್ತು ಒಡ್ಡನ್ನೇ ನೋಡುವುದನ್ನು ಕಂಡು ಮಗಳನ್ನು ಮಾತನಾಡಿಸಿದರು. ನೀರಾವರಿಯವನೆಂದು ತಿಳಿದೊಡನೆ ನಮ್ಮನ್ನು ಪಕ್ಕದ ಓಣಿಗೆ ಕರೆದೊಯ್ದು ಗೋಡೆಯ ಮೇಲಿನ ಕಲ್ಲು ತೋರಿಸಿದರು. 1966ರ ನವೆಂಬರ್ 4ರಂದು ಪ್ರವಾಹ ಮುಟ್ಟಿದ ಮಟ್ಟದ ಗುರುತು ಅದು. ನನ್ನ ತಲೆಗಿಂತ ಬಹಳ ಮೇಲಿತ್ತು. ಆಗ ಅವರು ಶಾಲೆಗೆ ಹೋಗುವ ಹುಡುಗ. ಅಂದು ಸರ್ಕಾರಿ ರಜೆ, ಊರು ಇನ್ನೂ ಮಲಗಿತ್ತು. ನೆಲಮಾಳಿಗೆಗಳಲ್ಲಿದ್ದ ಉರುವಲು ಎಣ್ಣೆಯ ಟ್ಯಾಂಕುಗಳು ಒಡೆದು ಕೆಸರಿನಲ್ಲಿ ಬೆರೆತವು. ಆ ವಾಸನೆ ಮನೆಯ ಗೋಡೆಗಳಿಂದ ವರ್ಷಗಟ್ಟಲೆ ಹೋಗಲಿಲ್ಲವಂತೆ. ಸಾಂತಾ ಕ್ರೋಚೆ ಚರ್ಚಿನ ಬಳಿಯಿದ್ದ ಹಳೆಯ ಕಲಾವಿದ ಚಿಮಾಬುಯೆಯ ಶಿಲುಬೆ ಚಿತ್ರದ ಬಣ್ಣ ಬಹುಪಾಲು ತೊಳೆದುಹೋದದ್ದು ಆ ನೀರಿನಲ್ಲೇ.

ಈ ನದಿಯನ್ನು ಲಿಯೊನಾರ್ಡೊ ಎರಡು ಬಗೆಯಲ್ಲಿ ಪಳಗಿಸಲು ನೋಡಿದ. ಒಂದು, ಪೀಸಾ ನಗರದ ಮೇಲಿನ ಯುದ್ಧದಲ್ಲಿ ಶತ್ರುವಿಗೆ ನೀರು ಸಿಗದಂತೆ ಆರ್ನೊವನ್ನೇ ತಿರುಗಿಸುವುದು. ಇದರ ಹಿಂದೆ ಫ್ಲಾರೆನ್ಸ್ ಗಣರಾಜ್ಯದ ಕಾರ್ಯದರ್ಶಿ ಮ್ಯಾಕಿಯವೆಲ್ಲಿಯ ಒತ್ತಾಸೆಯಿತ್ತು. 1504ರಲ್ಲಿ ಬೇರೊಬ್ಬ ಎಂಜಿನಿಯರನ ಕೈಯಲ್ಲಿ ಅಗೆತ ಶುರುವಾಯಿತು. ಬಿರುಮಳೆಗೆ ಕಾಲುವೆಯ ದಂಡೆಗಳು ಕುಸಿದು ಕೆಲಸ ನಿಂತಿತು. ಇನ್ನೊಂದು, ಫ್ಲಾರೆನ್ಸ್‌ನಿಂದ ಪ್ರಾತೊ, ಪಿಸ್ತೋಯಾ, ಸೆರ್ರಾವಲ್ಲೆ ಮಾರ್ಗವಾಗಿ ಸಮುದ್ರದವರೆಗೆ ದೋಣಿ ಸಾಗುವ ಕಾಲುವೆ. ಅದು ನಕಾಶೆಯಲ್ಲೇ ಉಳಿಯಿತು. ಆದರೆ ಇಂದು ಫ್ಲಾರೆನ್ಸ್‌ನಿಂದ ಕಡಲತ್ತ ಹೋಗುವ ಹೆದ್ದಾರಿ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಓಡುತ್ತದೆ. ನೆಲದ ಇಳಿಜಾರನ್ನು ಅವನು ಎಷ್ಟು ಸರಿಯಾಗಿ ಓದಿದ್ದ ಎನ್ನುವುದಕ್ಕೆ ನನಗೆ ಬೇರೆ ಸಾಕ್ಷಿ ಬೇಡ.

ಕತ್ತಲಾದ ಮೇಲೆ ಗುಮ್ಮಟದ ಬಳಿಗೂ ಹೋದೆವು. ಬ್ರುನೆಲೆಸ್ಕಿ ಕಟ್ಟಿದ ಗುಮ್ಮಟದ ನೆತ್ತಿಗೆ ಚಿನ್ನದ ಲೇಪದ ತಾಮ್ರದ ಗೋಳವನ್ನು 1471ರಲ್ಲಿ ಏರಿಸಿದ್ದು ಕಲಾವಿದ ವೆರೋಕಿಯೊನ ಕಾರ್ಯಾಗಾರ. ಆಗ ಅಲ್ಲಿ ಕಲಿಯುತ್ತಿದ್ದ ಲಿಯೊನಾರ್ಡೊಗೆ 19 ವರ್ಷ. ಮುಪ್ಪಿನಲ್ಲೂ ಅವನು ಆ ಗೋಳದ ಬೆಸುಗೆಯನ್ನು ನೆನೆದು ಟಿಪ್ಪಣಿ ಬರೆದುಕೊಂಡಿದ್ದಾನೆ. ಮುಂದೆ ಸಿಡಿಲು ಬಡಿದು ಗೋಳ ಕೆಳಗುರುಳಿತು, ಈಗಿರುವುದು ಆಮೇಲಿನದು. ಚರ್ಚಿನ ಹಿಂಬದಿಯ ಚೌಕದಲ್ಲಿ ಅದು ಬಿದ್ದ ಜಾಗಕ್ಕೆ ದುಂಡನೆಯ ಬಿಳಿ ಅಮೃತಶಿಲೆಯ ಗುರುತಿದೆ. ಜನ ಅದರ ಮೇಲೆ ಕಾಲಿಟ್ಟು ಹೋಗುತ್ತಾರೆ. ಹುಡುಕಿದರೆ ಮಾತ್ರ ಕಾಣುತ್ತದೆ.

ಊಟಕ್ಕೆ ರಿಬೊಲ್ಲಿತಾ. ಹಳೆಯ ಬ್ರೆಡ್ಡು, ಬಿಳಿ ಹುರುಳಿಕಾಯಿ ಬೀಜ, ಕಪ್ಪು ಎಲೆಕೋಸು ಹಾಕಿ ಮತ್ತೆ ಮತ್ತೆ ಕುದಿಸಿದ ಗಟ್ಟಿ ಸೂಪು. ಸಸ್ಯಾಹಾರಿಗಳು ಮಾಂಸದ ಕಟ್ಟು ಸೇರಿದೆಯೇ ಎಂದು ಕೇಳಿಯೇ ತೆಗೆದುಕೊಳ್ಳಬೇಕು. ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. “ಬ್ರೆಡ್ಡಿಗೆ ಉಪ್ಪೇ ಹಾಕಿಲ್ಲವಲ್ಲರೀ” ಎಂದಳು ನನ್ನ ಹೆಂಡತಿ. ಈ ಸೀಮೆಯ, ಅಂದರೆ ತೊಸ್ಕಾನಾದ ಬ್ರೆಡ್ಡೇ ಹಾಗೆ, ಉಪ್ಪು ಹಾಕುವ ವಾಡಿಕೆಯಿಲ್ಲ.

ಎರಡನೆಯ ದಿನ: ಮುಗಿಯದ ಚಿತ್ರಗಳು

ಉಫೀಜಿ ಚಿತ್ರಶಾಲೆಗೆ ಬೆಳಗಿನ ಮೊದಲ ಹೊತ್ತಿನ ಟಿಕೆಟ್ಟನ್ನು ಮಗಳು ಮೊದಲೇ ಕಾದಿರಿಸಿದ್ದಳು. ಸೋಮವಾರ ಬಾಗಿಲು ತೆರೆಯುವುದಿಲ್ಲ, ಅದನ್ನು ನೋಡಿಕೊಂಡೇ ದಿನ ಇಟ್ಟುಕೊಳ್ಳಬೇಕು. ವೆರೋಕಿಯೊನ ‘ಯೇಸುವಿನ ದೀಕ್ಷಾಸ್ನಾನ’ದ ಮುಂದೆ ಜನ ಎಡಗಡೆಯ ದೇವದೂತನನ್ನು ನೋಡುತ್ತಾರೆ. ಅದು ಶಿಷ್ಯ ಲಿಯೊನಾರ್ಡೊನ ಕೈ. ಅದನ್ನು ಕಂಡ ಗುರು ಕುಂಚವನ್ನೇ ಕೆಳಗಿಟ್ಟ ಎಂಬ ಕಥೆಯನ್ನು ಕಲಾವಿದರ ಜೀವನಚರಿತ್ರೆ ಬರೆದ ಚಿತ್ರಕಾರ ವಸಾರಿ ಹೇಳಿದ್ದಾನೆ. ನಾನು ನೋಡಿದ್ದು ಯೇಸುವಿನ ಪಾದಗಳನ್ನು. ಹಿಮ್ಮಡಿಯ ಸುತ್ತ ನೀರು ತೆಳುವಾಗಿ ಉಂಗುರವಾಗುತ್ತದೆ, ತಳದ ನೆಲ ನೀರಿನ ಮೂಲಕವೇ ಕಾಣುತ್ತದೆ. ಕಾಲುವೆಯಲ್ಲಿ ನಿಂತವನ ಕಾಲಿನ ಸುತ್ತ ಹೀಗೆಯೇ ಆಗುತ್ತದೆ.

‘ಪೂರ್ವದ ಜ್ಞಾನಿಗಳ ಆರಾಧನೆ’ ಅವನು 1481ರಲ್ಲಿ ಫ್ಲಾರೆನ್ಸ್‌ನ ಹೊರಗಿನ ಮಠವೊಂದಕ್ಕಾಗಿ ಹಿಡಿದ ಕೆಲಸ. ಮುಗಿಸದೆ ಮಿಲಾನ್‌ಗೆ ಹೊರಟುಹೋದ. ವರ್ಷಗಳ ಶುಚಿಕಾರ್ಯ ಮುಗಿದು ಅದು 2017ರಲ್ಲಿ ಗೋಡೆಗೆ ಮರಳಿದೆ. ಕಂದು ಬಣ್ಣದ ಕರಡು ಅಷ್ಟೇ: ಕುದುರೆಗಳು, ಮುರಿದ ಮೆಟ್ಟಿಲು, ಮುತ್ತಿಕೊಂಡ ಮುಖಗಳು. ಮುಗಿದಿದ್ದರೆ ಬಣ್ಣದ ಕೆಳಗೆ ಹೂತುಹೋಗುತ್ತಿದ್ದ ಯೋಚನೆಯ ಗೆರೆಗಳೆಲ್ಲ ಇಲ್ಲಿ ಹೊರಗೇ ಇವೆ. ಅವನು ಕೆಲಸ ಮುಗಿಸುತ್ತಿರಲಿಲ್ಲ ಎಂದು ಅವನ ಕಾಲದವರೂ ದೂರಿದರು, ನಾವೂ ದೂರುತ್ತೇವೆ. ನನಗೆ ಮಾತ್ರ ಈ ಹಲಗೆ ಆ ಕೋಣೆಯ ಮುಗಿದ ಚಿತ್ರಗಳಿಗಿಂತ ದೊಡ್ಡದಾಗಿ ಕಂಡಿತು.

ಮಧ್ಯಾಹ್ನ ಪಲಾಜೊ ವೆಕಿಯೊ, ಊರಿನ ಹಳೆಯ ಆಡಳಿತ ಭವನ. ಅಲ್ಲಿಯ ದೊಡ್ಡ ಸಭಾಂಗಣದಲ್ಲಿ ಲಿಯೊನಾರ್ಡೊ ‘ಆಂಗಿಯಾರಿ ಕದನ’ವನ್ನು ಬರೆಯಬೇಕಿತ್ತು. 1505ರ ಜೂನ್ 6, ಶುಕ್ರವಾರ, ಅವನು ಗೋಡೆಗೆ ಕುಂಚ ಮುಟ್ಟಿಸುವಷ್ಟರಲ್ಲಿ ಹವೆ ಕೆಟ್ಟಿತಂತೆ. ಕರಡುಚಿತ್ರ ಹರಿಯಿತು, ನೀರಿನ ಪಾತ್ರೆ ಒಡೆದು ನೀರು ಚೆಲ್ಲಿತು, ಸಂಜೆಯವರೆಗೂ ಧಾರಾಕಾರ ಮಳೆ. ಇದನ್ನು ಅವನೇ ಬರೆದಿಟ್ಟಿದ್ದಾನೆ. ಆ ಚಿತ್ರವೂ ಕೈಗೂಡಲಿಲ್ಲ. ಈಗ ಗೋಡೆಗಳ ತುಂಬ ವಸಾರಿಯ ಕದನಗಳಿವೆ. ಅದರಲ್ಲೊಂದು ಪುಟ್ಟ ಹಸಿರು ಬಾವುಟದ ಮೇಲೆ ‘ಹುಡುಕಿದವನಿಗೆ ಸಿಗುತ್ತದೆ’ ಎಂಬ ಅರ್ಥದ ಎರಡು ಪದಗಳಿವೆ. ಲಿಯೊನಾರ್ಡೊನ ಚಿತ್ರ ಅದರ ಹಿಂದೆಯೇ ಅಡಗಿದೆ ಎಂದು ನಂಬಿ ಗೋಡೆಗೆ ರಂಧ್ರ ಕೊರೆದದ್ದೂ ಆಯಿತು, ಆ ಶೋಧ ಅರ್ಧಕ್ಕೇ ನಿಂತದ್ದೂ ಆಯಿತು. ವಸಾರಿಯ ಬಣ್ಣ ಕೆಡಿಸಿ ಹುಡುಕುವುದು ಬೇಡವೆಂದೇ ನನ್ನ ಅಭಿಪ್ರಾಯ.

ಅಲ್ಲಿಂದ ಸಾಂತಾ ಮರಿಯಾ ನುವೊವಾ ಆಸ್ಪತ್ರೆಯವರೆಗೆ ನಡೆದೆವು. 1288ರಲ್ಲಿ ಆರಂಭವಾದ ಈ ಆಸ್ಪತ್ರೆ ಇಂದಿಗೂ ಆಸ್ಪತ್ರೆಯೇ; ಕಮಾನುಗಳ ಕೆಳಗೆ ಆಂಬುಲೆನ್ಸ್ ನಿಂತಿತ್ತು. ನೂರು ದಾಟಿದ ಮುದುಕರೊಬ್ಬರು ಇಲ್ಲಿಯ ಹಾಸಿಗೆಯ ಮೇಲೆ ಕೂತು ಲಿಯೊನಾರ್ಡೊ ಜೊತೆ ಮಾತನಾಡಿದರು. ನಿಶ್ಶಕ್ತಿಯೊಂದನ್ನು ಬಿಟ್ಟರೆ ಯಾವ ನೋವೂ ಇಲ್ಲ ಎಂದವರು ಕೆಲವೇ ತಾಸಿನಲ್ಲಿ ಅಲುಗಾಡದೆ ತೀರಿಕೊಂಡರು. ಇಷ್ಟು ಸುಖದ ಸಾವಿಗೆ ಕಾರಣವೇನೆಂದು ತಿಳಿಯಲು ಲಿಯೊನಾರ್ಡೊ ಆ ದೇಹವನ್ನು ಕೊಯ್ದು ನೋಡಿದ. ರಕ್ತನಾಳಗಳ ಗೋಡೆ ದಪ್ಪವಾಗಿ ಒಳದಾರಿ ಕಿರಿದಾಗಿತ್ತು. ಹೂಳು ತುಂಬಿ ಕೊನೆಯ ಹೊಲಕ್ಕೆ ನೀರು ಹೋಗದ ಉಪಕಾಲುವೆಯ ಸ್ಥಿತಿ. ನಾಳಗಳು ಹೀಗೆ ಕಟ್ಟಿಕೊಳ್ಳುವುದರ ಬಗ್ಗೆ ಬರಹದಲ್ಲಿ ಉಳಿದ ಮೊದಮೊದಲ ವಿವರಣೆಗಳಲ್ಲಿ ಇದೂ ಒಂದು. ಶಿಶುವೊಂದರ ನಾಳಗಳನ್ನೂ ನೋಡಿ ಹೋಲಿಸಿದ್ದ. ನದಿಯನ್ನು ಅಷ್ಟು ಕಾಲ ನೋಡಿದ ಕಣ್ಣಿಗೆ ಮಾತ್ರ ಇದು ಹೊಳೆಯಲು ಸಾಧ್ಯ.

ಮೂರನೆಯ ದಿನ: ವಿಂಚಿ

ಫ್ಲಾರೆನ್ಸ್‌ನಿಂದ ಎಂಪೊಲಿಗೆ ರೈಲು. ಸಿಞಾ ಊರು ದಾಟಿದ ಮೇಲೆ ಬಲು ಹೊತ್ತು ಕಿಟಕಿಗೆ ಮುಖ ಒತ್ತಿ ಕೂತೆ. ಅಲ್ಲಿ ಗುಡ್ಡಗಳು ಎರಡೂ ಕಡೆಯಿಂದ ಒತ್ತಿ ಬಂದು ಆರ್ನೊ ಇಕ್ಕಟ್ಟಿನಲ್ಲಿ ನುಗ್ಗುತ್ತದೆ. ಗೊನ್ಫೊಲಿನಾ ಎಂಬ ಆ ಕಣಿವೆಯ ಬಂಡೆ ಒಂದು ಕಾಲದಲ್ಲಿ ಕೂಡಿಕೊಂಡೇ ಇತ್ತು, ಅದರ ಹಿಂದೆ ಫ್ಲಾರೆನ್ಸ್ ಬಯಲಿನ ತುಂಬ ಸರೋವರ ನಿಂತಿತ್ತು, ನದಿ ಬಂಡೆಯನ್ನು ಸವೆಸಿ ಸೀಳಿಕೊಂಡು ಹೊರಬಿತ್ತು ಎಂದು ಲಿಯೊನಾರ್ಡೊ ಬರೆದಿದ್ದಾನೆ. ಬೆಟ್ಟದ ಮೇಲೆ ಸಿಗುವ ಕಪ್ಪೆಚಿಪ್ಪುಗಳನ್ನು ಬೈಬಲಿನ ಪ್ರಳಯ ತಂದು ಹಾಕಿತು ಎಂಬುದನ್ನು ಅವನು ಒಪ್ಪಲಿಲ್ಲ. ಜೋಡಿ ಚಿಪ್ಪುಗಳು ಬಿಡಿಸಿಕೊಳ್ಳದೆ ಪದರ ಪದರವಾಗಿ ಕೂತಿವೆಯೆಂದರೆ ಅವು ಬದುಕಿದ್ದೂ ಸತ್ತದ್ದೂ ಅಲ್ಲಿಯೇ, ಆ ನೆಲವೇ ಹಿಂದೆ ಕಡಲ ತಳವಾಗಿತ್ತು ಎಂದು ವಾದಿಸಿದ. ಮಗಳಿಗೆ ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಎಂಪೊಲಿ ಬಂತು.

ಬಸ್ಸು ಇರಲಿಲ್ಲ. ಅಂದು ಮುಷ್ಕರ. ನಿಲ್ದಾಣದ ಗೋಡೆಗೆ ಅಂಟಿಸಿದ ಚೀಟಿಯನ್ನು ಓದುತ್ತ ನಿಂತಿದ್ದ ಹೆಂಗಸೊಬ್ಬರು ಇಬ್ಬರು ಮೊಮ್ಮಕ್ಕಳೊಂದಿಗೆ ವಿಂಚಿಗೇ ಹೊರಟಿದ್ದರು. ಸೇರಿ ಒಂದು ದೊಡ್ಡ ಟ್ಯಾಕ್ಸಿ ಹಿಡಿದೆವು. ಮುಷ್ಕರದ ದಿನಗಳನ್ನು ಮೊದಲೇ ಸಾರಿರುತ್ತಾರೆ, ಹಿಂದಿನ ಸಂಜೆ ಒಮ್ಮೆ ಮೊಬೈಲಿನಲ್ಲಿ ನೋಡಿಕೊಳ್ಳಿ, ಶುಕ್ರವಾರವಂತೂ ಖಂಡಿತ ನೋಡಿ ಎಂದು ಆಕೆ ಬುದ್ಧಿ ಹೇಳಿದರು. ಮೊಮ್ಮಗ ದಾರಿಯುದ್ದಕ್ಕೂ ನನ್ನ ಹೆಂಡತಿಯ ಬಳೆಗಳನ್ನು ಎಣಿಸುತ್ತಿದ್ದ.

ವಿಂಚಿ ಗುಡ್ಡದ ಬೆನ್ನಿನ ಮೇಲಿನ ಸಣ್ಣ ಊರು. ಗುಯಿದಿ ಕೌಂಟರ ಕೋಟೆ, ಅದರ ಪಕ್ಕ ಸಾಂತಾ ಕ್ರೋಚೆ ಎಂಬ ಚರ್ಚು, ಚರ್ಚಿನೊಳಗೆ ಲಿಯೊನಾರ್ಡೊಗೆ ದೀಕ್ಷಾಸ್ನಾನ ಮಾಡಿಸಿದ್ದೆಂದು ಹೇಳುವ ಕಲ್ಲಿನ ತೊಟ್ಟಿ. 1452ರ ಏಪ್ರಿಲ್ 15, ಶನಿವಾರ, ರಾತ್ರಿಯ ಮೂರನೆಯ ತಾಸಿನಲ್ಲಿ ಮೊಮ್ಮಗ ಹುಟ್ಟಿದ ಎಂದು ಅಜ್ಜ ಆಂತೊನಿಯೊ ಬರೆದಿಟ್ಟಿದ್ದರು. ತಂದೆ ಸೆರ್ ಪಿಯೆರೊ ದಸ್ತಾವೇಜು ಬರೆಯುವ ನೋಟರಿ. ತಾಯಿ ಕತೆರೀನಾ, ಅವರಿಬ್ಬರಿಗೆ ಮದುವೆಯಾಗಲಿಲ್ಲ. 1457ರ ತೆರಿಗೆ ಪತ್ರದಲ್ಲಿ ಅಜ್ಜನ ಮನೆಯ ಬಾಯಿಗಳನ್ನು ಲೆಕ್ಕ ಹಾಕುವಾಗ ಐದು ವರ್ಷದ ಲಿಯೊನಾರ್ಡೊನ ಹೆಸರಿದೆ. ಹಕ್ಕಿನ ಮಗನಾಗಿದ್ದರೆ ಮನೆತನದ ನೋಟರಿ ವೃತ್ತಿ ಅವನ ಪಾಲಿಗೆ ಬರುತ್ತಿತ್ತು. ಲ್ಯಾಟಿನ್ ಶಾಲೆಯೂ ಸಿಗದ ಹುಡುಗನಿಗೆ ಸಿಕ್ಕಿದ್ದು ಈ ಗುಡ್ಡ, ತೊರೆ, ಹಕ್ಕಿ. ಕೋಟೆಯಲ್ಲಿರುವ ವಸ್ತುಸಂಗ್ರಹಾಲಯದಲ್ಲಿ ಅವನ ಯಂತ್ರಗಳ ಮರದ ಮಾದರಿಗಳಿವೆ. ಅವಸರ ಮಾಡದೆ ಗೋಪುರವನ್ನೂ ಏರಿ: ಕೆಳಗೆ ಬೂದುಹಸಿರು ಆಲಿವ್ ತೋಪುಗಳ ಮೆಟ್ಟಿಲು ಮೆಟ್ಟಿಲು, ಅದರಾಚೆ ಆರ್ನೊ ಬಯಲು.

ಆಂಕಿಯಾನೊದಲ್ಲಿ ಅವನು ಹುಟ್ಟಿದನೆಂದು ನಂಬುವ ಕಲ್ಲುಮನೆ ಮೂರು ಕಿಲೋಮೀಟರ್ ಮೇಲಿದೆ. ತೋಪುಗಳ ನಡುವಿನ ಕಾಲುದಾರಿ ಹಿಡಿದೆವು. ಅರ್ಧ ದಾರಿಯಲ್ಲಿ ಮಳೆ ಹಿಡಿಯಿತು. ಗಾಳಿಗೆ ಕೊಡೆ ಮಗುಚಿ ಕಡ್ಡಿ ಮುರಿಯಿತು. ಕಾಯಿ ಉದುರಿಸಲು ಮರಗಳ ಕೆಳಗೆ ಹಾಸಿದ್ದ ಹಸಿರು ಬಲೆಗಳನ್ನು ಒಬ್ಬ ರೈತರು ಮಡಚುತ್ತಿದ್ದರು. ನಮ್ಮ ಅವಸ್ಥೆ ನೋಡಿ ಕೊಟ್ಟಿಗೆಯ ಮಾಡಿನ ಕೆಳಗೆ ಕರೆದರು. ಅಲ್ಲಿ ನಿಂತಿದ್ದ ವಾಹನ ನೋಡಿ ನನ್ನ ಹೆಂಡತಿ, “ಅಯ್ಯೋ, ನಮ್ಮೂರ ಆಪೆ!” ಎಂದು ಕೂಗಿಯೇಬಿಟ್ಟಳು. ಹಿಂದೆ ಬುಟ್ಟಿ, ಮುಂದೆ ಮೂಗು, ಅದೇ ಮೂರು ಗಾಲಿ. ಅದನ್ನು ಹುಟ್ಟಿಸಿದ ಕಾರ್ಖಾನೆ ಇದೇ ಆರ್ನೊ ಕಣಿವೆಯ ಪೊಂತೆದೆರಾದಲ್ಲಿದೆ. ಗಂಗಾವತಿಯ ಸಂತೆಗೆ ಭತ್ತದ ಚೀಲವನ್ನೂ ಜನರನ್ನೂ ಹೊತ್ತು ಹೋಗುವುದು ಇದೇ ಗಾಡಿ ಎಂದಾಗ ಆ ರೈತರು ಅದರ ಬೆನ್ನು ತಟ್ಟಿ ನಕ್ಕರು. ಬ್ರೆಡ್ಡಿನ ಚೂರನ್ನು ಕೆಂಡದ ಮೇಲೆ ಸುಟ್ಟು, ಬೆಳ್ಳುಳ್ಳಿ ಉಜ್ಜಿ, ಎರಡು ದಿನದ ಹಿಂದೆ ಗಾಣದಿಂದ ಬಂದ ಎಣ್ಣೆ ಸುರಿದು ಕೊಟ್ಟರು. ಎಣ್ಣೆ ಹುಲ್ಲಿನ ಹಸಿರು. ನಾಲಗೆಗೆ ಮೊದಲು ಹಸಿ ಬಾದಾಮಿಯ ರುಚಿ, ನುಂಗುವಾಗ ಗಂಟಲಲ್ಲಿ ಮೆಣಸಿನ ಖಾರ. ಈ ಎಣ್ಣೆಗಾಗಿಯಾದರೂ ವಿಂಚಿಗೆ ನವೆಂಬರ್‌ನಲ್ಲೇ ಬರಬೇಕು.

ಆ ತೋಪಿನ ಕೆಳಗೆ ಹರಿಯುವ ತೊರೆಯ ನೀರಿನಿಂದ ತಿರುಗುತ್ತಿದ್ದ ವಿಂಚಿಯ ಗಿರಣಿಯೊಂದನ್ನು ಲಿಯೊನಾರ್ಡೊ ದೊಡ್ಡವನಾದ ಮೇಲೂ ಗುರುತು ಹಾಕಿಕೊಂಡಿದ್ದ. ಅವನ ಕೈಯ ದಿನಾಂಕವಿರುವ ಮೊದಲ ಚಿತ್ರವೂ, 1473ರ ಆಗಸ್ಟ್ 5ರದು, ಈ ಕಡೆಯ ಗುಡ್ಡ, ಜಲಪಾತ, ಬಯಲಿನದೇ. ಬೆಳಕಿಗೆ ಕಾಗದ ಕೆಡುವುದರಿಂದ ಅದನ್ನು ಉಫೀಜಿಯಲ್ಲಿ ಅಪರೂಪಕ್ಕೆ ಮಾತ್ರ ಹೊರಗಿಡುತ್ತಾರೆ. ನೆರಳು ಮಾಡಲು ಹಾಕಿದ ಗೆರೆಗಳಲ್ಲೇ ಗಾಳಿ ಬೀಸುತ್ತಿರುವಂತೆ ಕಾಣುವ ಆ ಪುಟ್ಟ ಹಾಳೆಯ ಅಚ್ಚಿನ ಪ್ರತಿಯನ್ನು ಚೀಲದಿಂದ ತೆಗೆದು ಮಳೆಯಾಚೆಗಿನ ಬಯಲಿಗೆ ಹೋಲಿಸಿ ನೋಡಿದೆ.

ನಾವು ಮಾಂಸ ತಿನ್ನುವುದಿಲ್ಲ ಎಂದು ಮಗಳು ಹೇಳಿದಾಗ, “ಲಿಯೊನಾರ್ಡೊನೂ ತಿನ್ನುತ್ತಿರಲಿಲ್ಲವಂತೆ” ಎಂದರು ರೈತರು. ಆ ಮಾತಿಗೆ ಇರುವ ಹಳೆಯ ಆಧಾರ ನಮ್ಮ ನಾಡಿನ ಕಡಲ ತೀರದಿಂದಲೇ ಹೋಗಿದೆ. ಆಂದ್ರೆಯಾ ಕೊರ್ಸಾಲಿ ಎಂಬ ಫ್ಲಾರೆನ್ಸಿನ ಯಾತ್ರಿಕ ಕೊಚ್ಚಿಯಿಂದ ಫ್ಲಾರೆನ್ಸಿನ ಆಳುವ ಮನೆತನದ ಜೂಲಿಯಾನೊ ದೆ ಮೆದಿಚಿಗೆ ಬರೆದ ಪತ್ರದಲ್ಲಿ, ರಕ್ತವಿರುವ ಯಾವುದನ್ನೂ ತಿನ್ನದ, ಯಾವ ಜೀವಕ್ಕೂ ಕೇಡು ಬಗೆಯದ ಗುಜರಾತಿಗಳನ್ನು ಬಣ್ಣಿಸಿ, ನಮ್ಮ ಲಿಯೊನಾರ್ಡೊ ಡ ವಿಂಚಿಯ ಹಾಗೆ ಎಂದು ಸೇರಿಸಿದ್ದಾನೆ. ಲಿಯೊನಾರ್ಡೊ ಆಗ ಬದುಕಿದ್ದ. ಸಂತೆಯಲ್ಲಿ ಪಂಜರದ ಹಕ್ಕಿಗಳನ್ನು ದುಡ್ಡು ಕೊಟ್ಟು ಕೊಂಡು ಹಾರಿಬಿಡುತ್ತಿದ್ದನೆಂದು ವಸಾರಿಯೂ ಬರೆದಿದ್ದಾನೆ.

ನಾಲ್ಕನೆಯ ದಿನ: ಮಿಲಾನ್‌ಗೆ

ರೈಲಿನಲ್ಲಿ ಎರಡು ತಾಸು. ಮಗಳ ಮನೆಯಲ್ಲಿ ಅನ್ನ, ತಿಳಿಸಾರು, ಮಧ್ಯಾಹ್ನದ ನಿದ್ದೆ. ಸಂಜೆ ನಾವಿಲ್ಯೊ ಗ್ರಾಂದೆ ಕಾಲುವೆಯ ದಂಡೆಯಲ್ಲಿ ಓಡಾಡಿದೆವು. ತಿಚಿನೊ ನದಿಯಿಂದ ನೀರು ತರುವ ಈ ಕಾಲುವೆಯ ಅಗೆತ 12ನೆಯ ಶತಮಾನದಲ್ಲಿ ಶುರುವಾದದ್ದು. ಮಿಲಾನಿನ ಕಾಲುವೆಗಳನ್ನು ಲಿಯೊನಾರ್ಡೊ ತೋಡಿಸಿದ ಎಂದು ಹೇಳುವವರ ಮಾತು ನಂಬಬೇಡಿ. ಒಂದು ಓಣಿಯಲ್ಲಿ ಅಗಸಗಿತ್ತಿಯರು ಮಂಡಿಯೂರಿ ಬಟ್ಟೆ ಒಗೆಯುತ್ತಿದ್ದ ಕಲ್ಲುಗಳು ಮಾಡಿನ ಕೆಳಗೆ ಸಾಲಾಗಿವೆ. ಕೇಸರಿ ಹಾಕಿದ ಮಿಲಾನಿನ ರಿಸೊತ್ತೊ ತಿನ್ನುವ ಆಸೆಯಿತ್ತು. ಸಂಪ್ರದಾಯದಂತೆ ಅದಕ್ಕೆ ಎತ್ತಿನ ಮೂಳೆಯ ಮಜ್ಜೆ ಸೇರುತ್ತದೆ. ತರಕಾರಿ ಕಟ್ಟಿನಲ್ಲಿ ಮಾಡಿಕೊಡುವ ಅಂಗಡಿ ಮಗಳಿಗೆ ಗೊತ್ತಿತ್ತು.

ಐದನೆಯ ದಿನ: ಹದಿನೈದು ನಿಮಿಷ

ಲಿಯೊನಾರ್ಡೊನ ‘ಕೊನೆಯ ಭೋಜನ’ ಇರುವ ಸಾಂತಾ ಮರಿಯಾ ದೆಲ್ಲೆ ಗ್ರಾಜಿಯೆ ಮಠದ ಊಟದ ಮನೆಗೆ ಒಂದು ಸಲಕ್ಕೆ ಕೆಲವೇ ಜನರನ್ನು ಬಿಡುತ್ತಾರೆ. ಗಾಜಿನ ಕೋಣೆಗಳಲ್ಲಿ ನಿಂತು, ಒಂದು ಬಾಗಿಲು ಮುಚ್ಚಿದ ಮೇಲೆ ಇನ್ನೊಂದು ತೆರೆಯುವುದನ್ನು ಕಾಯಬೇಕು. ಹೊರಗಿನ ಧೂಳು, ತೇವ ಒಳಗೆ ಹೋಗದಿರಲೆಂದು ಈ ಏರ್ಪಾಟು. ಒಳಗೆ ಹದಿನೈದು ನಿಮಿಷ. ತಿಂಗಳುಗಳ ಮೊದಲೇ ಟಿಕೆಟ್ ತೆಗೆಯದಿದ್ದರೆ ಸಿಗುವುದಿಲ್ಲ.

‘ಕೊನೆಯ ಭೋಜನ’ ಸುಮಾರು 4.6 ಮೀಟರ್ ಎತ್ತರ, 8.8 ಮೀಟರ್ ಅಗಲ. ಹಸಿ ಗಾರೆಯ ಮೇಲೆ ಬರೆಯುವವರು ಗಾರೆ ಒಣಗುವ ಮೊದಲು ಅಂದಂದಿನ ಕೆಲಸ ಮುಗಿಸಬೇಕು. ಲಿಯೊನಾರ್ಡೊಗೆ ಆ ಅವಸರ ಆಗದು. ಬೆಳಗಿನಿಂದ ಕತ್ತಲವರೆಗೆ ಊಟ ಮರೆತು ಬರೆದ ದಿನಗಳೂ ಇದ್ದವು, ದೂರದಿಂದ ಬಂದು ಒಂದೆರಡು ಗೆರೆ ಎಳೆದು ಹೊರಟುಹೋದ ದಿನಗಳೂ ಇದ್ದವು ಎಂದು ಅದನ್ನು ಹುಡುಗನಾಗಿ ಕಂಡ ಕಥೆಗಾರ ಬಾಂದೆಲ್ಲೊ ಬರೆದಿದ್ದಾನೆ. ಅದಕ್ಕೇ ಒಣ ಗೋಡೆಯ ಮೇಲೆ ಬಣ್ಣ ಹಚ್ಚಿದ. ಗೋಡೆಯ ತೇವ ಬಿಡಲಿಲ್ಲ. ಅವನು ಬದುಕಿರುವಾಗಲೇ ಬಣ್ಣ ಸಿಪ್ಪೆ ಏಳತೊಡಗಿತು. 1652ರಲ್ಲಿ ಬಾಗಿಲು ದೊಡ್ಡದು ಮಾಡಲು ಯೇಸುವಿನ ಪಾದಗಳನ್ನೇ ಕಡಿದರು. ನೆಪೋಲಿಯನ್ ಕಾಲದ ಸೈನಿಕರು ಇಲ್ಲಿ ಕುದುರೆ ಕಟ್ಟಿದರು. 1943ರ ಆಗಸ್ಟಿನಲ್ಲಿ ಬಾಂಬು ಬಿದ್ದು ಪಕ್ಕದ ಗೋಡೆ, ಮಾಡು ಕುಸಿದವು. ಮರಳು ಚೀಲ ಪೇರಿಸಿದ್ದ ಈ ಗೋಡೆ ಉಳಿಯಿತು. 1999ರಲ್ಲಿ ಮುಗಿದ ಇಪ್ಪತ್ತು ವರ್ಷಗಳ ದುರಸ್ತಿಯಲ್ಲಿ ಪಿನಿನ್ ಬ್ರಂಬಿಲ್ಲಾ ಎಂಬ ಮಹಿಳೆ ಬೆರಳಗಲದ ಲೆಕ್ಕದಲ್ಲಿ ಹಳೆಯ ತೇಪೆಗಳನ್ನು ತೆಗೆದರು.

ಎದುರಿನ ಗೋಡೆಯ ಮೇಲೆ ಮೊಂತೊರ್ಫಾನೊ 1495ರಲ್ಲಿ ಹಸಿ ಗಾರೆಯ ಮೇಲೆ ಬರೆದ ಶಿಲುಬೆಯ ಚಿತ್ರ ಇಂದಿಗೂ ಗಟ್ಟಿಯಾಗಿದೆ. ಎಲ್ಲರೂ ಅದಕ್ಕೆ ಬೆನ್ನು ತಿರುಗಿಸಿ ನಿಂತಿದ್ದರು. ನಾನೂ ಅಷ್ಟೇ. ಮಾಸಿದ ಆ ಗೋಡೆಯಲ್ಲಿ “ನಿಮ್ಮಲ್ಲೊಬ್ಬ ನನಗೆ ದ್ರೋಹ ಬಗೆಯುತ್ತಾನೆ” ಎಂಬ ಮಾತು ನಡುವಿನಿಂದ ಎರಡೂ ಬದಿಗೆ ಅಲೆಯಾಗಿ ಹೋಗುತ್ತದೆ. ಮೂವರು ಮೂವರಾಗಿ ಶಿಷ್ಯರು ಏಳುತ್ತಾರೆ, ಬಾಗುತ್ತಾರೆ, ತುದಿಗೆ ಹೋಗಿ ಮತ್ತೆ ಒಳಕ್ಕೆ ತಿರುಗುತ್ತಾರೆ. ನನ್ನ ಹೆಂಡತಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಗಂಟೆ ಬಾರಿಸಿತು.

ಅಲ್ಲಿಂದ ಇನ್‌ಕೊರೊನಾತಾದ ಹಳೆಯ ಲಾಕು ನೋಡಲು ಹೋದೆವು. ಇದು ಪ್ರವಾಸಿಗಳ ಪಟ್ಟಿಯಲ್ಲಿ ಇಲ್ಲ. ಎರಡು ಮಟ್ಟದ ನೀರಿನ ನಡುವೆ ದೋಣಿಯನ್ನು ಏರಿಸಿ ಇಳಿಸುವ ಕಲ್ಲಿನ ತೊಟ್ಟಿ, 1496ರದು. ಒಳಗಾಲುವೆಗಳನ್ನು ಕಳೆದ ಶತಮಾನದಲ್ಲಿ ಮುಚ್ಚಿದ್ದರಿಂದ ನೀರಿಲ್ಲ. ಮರದ ಗೇಟುಗಳು ಒಣಗಿ ನಿಂತಿವೆ. ಎರಡು ಬಾಗಿಲುಗಳು ನೇರವಾಗಿ ಮುಚ್ಚಿಕೊಳ್ಳದೆ, ನೀರು ಬರುವ ಕಡೆಗೆ ಮೂಲೆ ಮಾಡಿ ಸೇರುತ್ತವೆ. ಮೇಲಿನ ನೀರು ತಳ್ಳಿದಷ್ಟೂ ಅಂಚಿಗೆ ಅಂಚು ಬಿಗಿಯುತ್ತದೆ. ನೀರಿನ ಬಲವೇ ನೀರನ್ನು ತಡೆಯುತ್ತದೆ. ಬಾಗಿಲಿನ ಕೆಳಭಾಗದಲ್ಲಿ ಪುಟ್ಟ ಕಿಟಕಿ. ಮೊದಲು ಅದನ್ನು ತೆರೆದು ಎರಡೂ ಕಡೆಯ ಮಟ್ಟ ಸಮ ಮಾಡಿದರೆ ದೊಡ್ಡ ಬಾಗಿಲು ಸಲೀಸಾಗಿ ತಿರುಗುತ್ತದೆ. ಇಂಥ ಗೇಟನ್ನು ಕಿಟಕಿಯ ಅಗುಳಿ ಸಹಿತ ಲಿಯೊನಾರ್ಡೊ ಬರೆದಿಟ್ಟಿದ್ದಾನೆ. ಪನಾಮಾ ಕಾಲುವೆಯ ಹಳೆಯ ಲಾಕುಗಳ ಗೇಟು ನಿಂತಿರುವುದೂ ಇದೇ ತತ್ವದ ಮೇಲೆ. ಕಬ್ಬಿಣದ ಪಟ್ಟಿ, ಸೀಳುಬಿಟ್ಟ ಮರ, ಕಲ್ಲಿನಲ್ಲಿ ಬಾಗಿಲಿನ ಕಂಬ ತಿರುಗಲು ತೋಡಿದ ಗುಣಿ: ಕಟ್ಟೆಯ ಮೇಲಿಂದ ಬಗ್ಗಿ ಎಲ್ಲವನ್ನೂ ನೋಡಿದೆ. ಮಗಳು ಎರಡು ಸಲ ಗಡಿಯಾರ ತೋರಿಸಿದಳು.

ಆರನೆಯ ದಿನ

ಅಂಬ್ರೋಸಿಯಾನಾ ಗ್ರಂಥಾಲಯದಲ್ಲಿ ಲಿಯೊನಾರ್ಡೊನ ಬರಹ, ಚಿತ್ರಗಳ 1119 ಹಾಳೆಗಳ ಅಟ್ಲಾಂಟಿಕಸ್ ಸಂಪುಟವಿದೆ. ಕೆಲವು ಹಾಳೆಗಳನ್ನಷ್ಟೇ ಸರದಿಯಂತೆ ಹೊರಗಿಡುತ್ತಾರೆ. ಬಲದಿಂದ ಎಡಕ್ಕೆ ಓಡುವ ಕನ್ನಡಿ ಬರಹ, ಎಡಗೈಯವನ ಗೆರೆಗಳ ಓಲು. ಮಿಲಾನನ್ನು ಆಳುತ್ತಿದ್ದ ಲುದೊವಿಕೊ ಸ್ಫೋರ್ಜಾಗೆ ಕೆಲಸ ಕೇಳಿ ಬರೆದ ಪತ್ರದ ಕರಡೂ ಈ ಸಂಪುಟದ್ದೇ. ಹತ್ತು ಅಂಶಗಳ ಆ ಪತ್ರದಲ್ಲಿ ಸೇತುವೆ, ಫಿರಂಗಿ, ಸುರಂಗಗಳೇ ತುಂಬಿವೆ. ಶಾಂತಿಯ ಕಾಲಕ್ಕಾದರೆ ಕಟ್ಟಡ ಕಟ್ಟಬಲ್ಲೆ, ಒಂದೆಡೆಯಿಂದ ಇನ್ನೊಂದೆಡೆಗೆ ನೀರು ಒಯ್ಯಬಲ್ಲೆ ಎನ್ನುತ್ತಾನೆ. ಚಿತ್ರ ಬರೆಯಬಲ್ಲೆ ಎಂಬುದು ಅದಾದ ಮೇಲೆ ಬರುತ್ತದೆ. ಅವನ ದೊಡ್ಡ ಕೆಲಸಗಳೆಲ್ಲ ನೆಲ ಕಚ್ಚಿದವು. ಏಳು ಮೀಟರ್ ಎತ್ತರದ ಕುದುರೆಯ ಜೇಡಿಮಣ್ಣಿನ ಮಾದರಿಯನ್ನು 1499ರಲ್ಲಿ ಫ್ರೆಂಚ್ ಬಿಲ್ಲುಗಾರರು ಗುರಿಯಾಗಿಟ್ಟು ಹಾಳುಮಾಡಿದರು. ಅದಕ್ಕೆ ಕೂಡಿಟ್ಟ ಕಂಚು ಫಿರಂಗಿಗೆ ಹೋಗಿತ್ತು. ಉಳಿದದ್ದು ಕಾಗದ. ಮುರಿಯುವಂಥದ್ದರಲ್ಲಿ ಎಲ್ಲಕ್ಕಿಂತ ಬಡಕಲಾದದ್ದು ಉಳಿಯಿತಲ್ಲ ಎಂದು ಆ ಹಾಳೆಗಳ ಮುಂದೆ ನಾನು ನಿಜಕ್ಕೂ ಕೈ ಮುಗಿದೆ.

ಏಳನೆಯ ದಿನ: ಆಂಬ್ವಾಜ್

ಪ್ಯಾರಿಸ್‌ಗೆ ವಿಮಾನ, ಅಲ್ಲಿಂದ ಲ್ವಾರ್ ಕಣಿವೆಗೆ ರೈಲು. ಆಂಬ್ವಾಜ್‌ನಲ್ಲಿ ಹಲ್ಲು ಕಡಿಯುವ ಚಳಿ. ಲ್ವಾರ್ ಅಗಲವಾದ ನದಿ, ನಡುವೆ ಮರಳ ದಿಬ್ಬಗಳು. ನೋಡಿದೊಡನೆ ಬೇಸಿಗೆಯ ತುಂಗಭದ್ರೆ ನೆನಪಾದಳು.

ರಾಜ ಒಂದನೆಯ ಫ್ರಾನ್ಸಿಸ್ ಕರೆದ ಮೇಲೆ 64ರ ಲಿಯೊನಾರ್ಡೊ ಆಲ್ಪ್ಸ್ ದಾಟಿ ಇಲ್ಲಿಗೆ ಬಂದ, ಮೋನಾ ಲಿಸಾ, ಸಂತ ಆನ್, ಸಂತ ಯೋಹಾನ ಚಿತ್ರಗಳನ್ನು ಜೊತೆಗೆ ಹೊತ್ತು. ಕ್ಲೊ ಲೂಸೆ ಎಂಬ ಇಟ್ಟಿಗೆ ಮತ್ತು ಬಿಳಿಗಲ್ಲಿನ ಮನೆಯಲ್ಲಿ ಇಳಿದ. ರಾಜನಿಗಾಗಿ ರೊಮೊರಾಂತಾಂ ಎಂಬಲ್ಲಿ ಹೊಸ ಅರಮನೆ, ಅದರ ಸುತ್ತ ನದಿ ತಿರುಗಿಸಿ ಕಾಲುವೆಗಳು, ಹೀಗೆ ಕೊನೆಗಾಲದಲ್ಲೂ ನೀರಿನ ಯೋಜನೆಯೇ. ಅದೂ ನಡೆಯಲಿಲ್ಲ. 1519ರ ಮೇ 2ರಂದು ತೀರಿಕೊಂಡ. ಸಾಯುವಾಗ ರಾಜನ ತೋಳಿನಲ್ಲಿದ್ದ ಎಂಬ ಕಥೆಯನ್ನು ಬಹಳ ಇತಿಹಾಸಕಾರರು ನಂಬುವುದಿಲ್ಲ. ಉಯಿಲಿನಲ್ಲಿ ಅಡುಗೆಯಾಕೆ ಮತುರಿನಾಗೆ ತುಪ್ಪಳದ ಒಳಹೊದಿಕೆಯ ಕಪ್ಪು ನಿಲುವಂಗಿ ಬಿಟ್ಟುಹೋದ, ತನ್ನ ಶವದ ಹಿಂದೆ 60 ಬಡವರು 60 ದೀವಟಿಗೆ ಹಿಡಿಯಲಿ, ಅವರಿಗೆ ಹಣ ಸಲ್ಲಲಿ ಎಂದು ಬರೆಸಿದ. ನನಗೆ ರಾಜನ ಕಥೆಗಿಂತ ಇದು ಮುಖ್ಯ.

ಕೋಟೆಯ ಅಂಗಳದ ಸಂತ ಹ್ಯೂಬರ್ಟ್ ಪ್ರಾರ್ಥನಾಲಯದಲ್ಲಿ ಸಮಾಧಿ ಇದೆ. ಮೊದಲು ಹೂತ ಚರ್ಚನ್ನು 19ನೆಯ ಶತಮಾನದ ಆರಂಭದಲ್ಲಿ ಕೆಡವಿದರು. 1863ರಲ್ಲಿ ಅಗೆದಾಗ ಸಿಕ್ಕ ಮೂಳೆಗಳು ಅವನವೇ ಇರಬಹುದೆಂದು ಇಲ್ಲಿಗೆ ತಂದಿಟ್ಟರು.

ರಾತ್ರಿ ಊಟದ ಮನೆಯ ಒಡತಿ ಗೆಣಸು, ಗಜ್ಜರಿ ಹಾಕಿದ ಬಿಸಿ ಸೂಪು ತಂದಿಟ್ಟರು. ಲ್ವಾರ್‌ನಲ್ಲಿ ಯಾರೂ ಈಜುವುದಿಲ್ಲ, ಮರಳಿನ ತಳ ಕಾಲ ಕೆಳಗೆ ಸರಿಯುತ್ತದೆ ಎಂದು ಎಚ್ಚರಿಸಿದರು. ತ್ರಿಕೋನಗಳ ಲೆಕ್ಕ ಬಿಡಿಸುತ್ತಿದ್ದ ಮುದುಕ ಲಿಯೊನಾರ್ಡೊ ಒಂದು ಹಾಳೆಯಲ್ಲಿ ಬರಹವನ್ನು ತಟ್ಟನೆ ನಿಲ್ಲಿಸಿ, ಸೂಪು ಆರುತ್ತಿದೆ ಎಂದು ಕಾರಣ ಬರೆದಿದ್ದಾನೆ ಎಂದೆ. ಒಡತಿಗೆ ಅದು ಗೊತ್ತಿತ್ತು. “ಹಾಗಾದರೆ ನೀವೂ ಮಾತು ನಿಲ್ಲಿಸಿ” ಎಂದರು.

ಕೊನೆಯ ದಿನ: ಲೂವ್ರ್

ವಿಮಾನಕ್ಕೆ ಮೊದಲು ಪ್ಯಾರಿಸ್‌ನಲ್ಲಿ ಅರ್ಧ ದಿನವಿತ್ತು. ಮಂಗಳವಾರ ಲೂವ್ರ್ ವಸ್ತುಸಂಗ್ರಹಾಲಯ ಮುಚ್ಚಿರುತ್ತದೆ, ನಮ್ಮದು ಬುಧವಾರ. ಉದ್ದನೆಯ ಗ್ಯಾಲರಿಯಲ್ಲಿ ‘ಸಂತ ಆನ್’ ಚಿತ್ರದ ಮುಂದೆ ನಿರಾಳವಾಗಿ ನಿಲ್ಲಬಹುದು. ಅವಳ ಪಾದದ ಬುಡದಲ್ಲಿ ಪದರ ಪದರವಾದ ಕಲ್ಲು, ನುಣುಪಾದ ಹರಳು. ಹಳ್ಳದ ದಡದಲ್ಲಿ ಕೂತು ನೋಡದವನ ಕೈಗೆ ಅವು ಬರುವುದಿಲ್ಲ.

ಮೋನಾ ಲಿಸಾ ಇರುವ ಕೋಣೆಯಲ್ಲಿ ಸಾಲು, ಎತ್ತಿದ ಮೊಬೈಲುಗಳು. 77 ಸೆಂಟಿಮೀಟರ್ ಎತ್ತರದ ಪೊಪ್ಲಾರ್ ಹಲಗೆ, ದಪ್ಪ ಗಾಜಿನ ಹಿಂದೆ. ಸಾಲು ಸರಿಯುತ್ತಿದ್ದಂತೆ ಹೆಂಡತಿಗೆ, “ಮುಖ ಬಿಡು, ಹಿಂದೆ ನೋಡು” ಎಂದೆ. ನಮ್ಮ ಬಲಕ್ಕೆ ಎತ್ತರದಲ್ಲಿ ಒಂದು ಸರೋವರ, ಕೆಳಗೆ ಹೊಳೆ, ಸೇತುವೆ. ಎಡಕ್ಕೆ ಇನ್ನೊಂದು ಸರೋವರ, ಬಹಳ ಕೆಳಗೆ. ಎರಡು ಬದಿಯ ಮಟ್ಟ ಹೊಂದುವುದಿಲ್ಲ. ಇದು ಕಣ್ಣಿನ ಆಟವೆನ್ನುವವರಿದ್ದಾರೆ. ಗೊನ್ಫೊಲಿನಾ ದಾಟಿ ಬಂದವನಿಗೆ ಹಾಗೆ ಕಾಣಲಿಲ್ಲ: ಬಂಡೆ ಇನ್ನೂ ಸೀಳಿಲ್ಲ, ಮೇಲಿನ ನೀರು ನಿಂತಿದೆ, ಒಂದು ದಿನ ದಾರಿ ಮಾಡಿಕೊಳ್ಳುತ್ತದೆ. ಆರ್ನೊ ಕಣಿವೆ ಹುಟ್ಟುವ ಮೊದಲಿನ ನೆಲವದು. ಹೀಗೆ ಓದಿದ ಪಂಡಿತರೂ ಇದ್ದಾರೆ.

ಅವಳು ಕತ್ತು ಚಾಚಿ ನೋಡಿದಳು. “ಸರಿ, ಮೇಲಿನದು ಒಡೆದರೆ ನೀರೆಲ್ಲ ಕೆಳಗಿನ ಕೆರೆಗೆ ಬರುತ್ತದೆ. ಆ ಕೆರೆಗೆ ಕೋಡಿ ಎಲ್ಲಿದೆ?”

ಕಾವಲಿನವರು ಮುಂದೆ ಸರಿಯುವಂತೆ ಕೈ ಬೀಸಿದರು. ಮಗಳು ಇನ್ನೂ ಸಮಯವಿದೆ ಎಂದಳು. ಮೂವರೂ ಹೋಗಿ ಮತ್ತೆ ಸಾಲಿನ ಕೊನೆಯಲ್ಲಿ ನಿಂತೆವು.